ನಿನ್ನ ಕರ ನೀನ ಹೊರು

"ಈ 'ರಿ' ಯಾರು ಹಚ್ಚಿದ್ರಿ ಇಲ್ಲೆ? ನಿಮ್ಮನ್ನ ಕೇಳಾಕತ್ತೀನಿ ಸರ, ಯಾರು ಹಚ್ಚಿದ್ರು?"

ದುರುಗವ್ವ ಕರಡಚ್ಚಿನ ಹಾಳೆಯನ್ನು ಕಳಕಪ್ಪ ಮಾಸ್ತರರ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಿದ್ದಳು. ಕೊಪ್ಪಳದ ಅವರ ಮನೆಯ ಪಡಸಾಲೆಯಲ್ಲಿ ಫ್ಯಾನು ಜೋರಾಗಿ ತಿರುಗುತ್ತಿತ್ತು. ಟೀಪಾಯಿಯ ಮೇಲಿದ್ದ ಉಳಿದ ಹಾಳೆಗಳು ಹಾರಿ ನೆಲಕ್ಕೆ ಬಿದ್ದವು. ಆಕೆ ಅವನ್ನು ಎತ್ತಲಿಲ್ಲ. ಮಾಸ್ತರರೂ ಎತ್ತಲಿಲ್ಲ.

"ಮೊದ್ಲ ಕೂಡ್ರು. ಚಹಾ ಕುಡಿ."

"ಚಹಾ ಆಮ್ಯಾಲೆ. ಸತ್ತ ಕರ ಹೊರು ಅಂತ ಬಂದ ಗೌಡಗ ನಮ್ಮವ್ವ ಏನಂದಾಳ? 'ನಿನ್ನ ಕರ ನೀನ ಹೊರು' ಅಂದಾಳ. ನಾ ಬರದದ್ದೂ ಅದ. ನೀವೇನು ಮಾಡೀರಿ? 'ನಿಮ್ಮ ಕರ ನೀವ ಹೊರ್ರಿ ಗೌಡ್ರ.' ಇದು ನಮ್ಮವ್ವನ ಮಾತನ್ರಿ? ಮದಿವಿ ಮನ್ಯಾಗ ಉಣ್ಣಾಕ ಕರದಂಗ ಐತಿ!"

ಮಾಸ್ತರರು ನಕ್ಕರು. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಈಗ ಸಣ್ಣದೊಂದು ಪ್ರಕಾಶನ ನಡೆಸುತ್ತಾರೆ. ದುರುಗವ್ವನ ಮೊದಲ ಕಥಾಸಂಕಲನವನ್ನು ಅಚ್ಚು ಹಾಕಿಸುತ್ತಿರುವವರು ಅವರೇ.

"ರಿ ಅಂದ್ರ ನಮ್ಮ ಸೀಮಿ ಸೊಗಸು, ಮಾರಾಯ್ತಿ. ಅದಿಲ್ದಿದ್ರ ಇದು ಕೊಪ್ಪಳದ ಮಾತು ಅಂತ ಹೆಂಗ ಗೊತ್ತಾಗಬೇಕು? ಮೈಸೂರಿನ ಕಡ್ಯಾವ್ರು ಓದಿದ್ರ 'ಆಹಾ' ಅನ್ನಬೇಕು."

"ಮೈಸೂರಿನವ್ರು ಆಹಾ ಅನ್ಲಿ ಅಂತ ನಮ್ಮವ್ವ ಗೌಡಗ ಕೈ ಮುಗೀಬೇಕೇನ್ರಿ?"

"ಕೈ ಮುಗಿಯೂದು ಎಲ್ಲಿ ಬಂತಿಲ್ಲೆ? ನೀ ಮುನ್ನುಡಿ ಓದಿಲ್ಲ, ಅದಕ್ಕ ಹಿಂಗ ಒದರಾಕತ್ತಿ." ಅವರು ಬಗ್ಗಿ ನೆಲದ ಮೇಲಿನ ಒಂದು ಹಾಳೆ ತೆಗೆದುಕೊಂಡು ಸಭೆಯಲ್ಲಿ ನಿಂತವರಂತೆ ಓದಿದರು. "'ಪ್ರತಿಭಟನೆಯ ತುತ್ತತುದಿಯಲ್ಲೂ ವಿನಯವನ್ನು ಬಿಡದ ನಮ್ಮ ನೆಲದ ಹೆಣ್ಣಿನ ಸಂಸ್ಕಾರವು ಈ ಒಂದು ರಿ-ಕಾರದಲ್ಲಿ ಮೈದಾಳಿದೆ.' ಇಡೀ ಮುನ್ನುಡಿ ಇದರ ಮ್ಯಾಲೆ ನಿಂತೈತಿ."

ದುರುಗವ್ವ ಆ ಹಾಳೆಯನ್ನು ಅವರ ಕೈಯಿಂದ ಕಸಿದುಕೊಂಡಳು.

"ಅಂದ್ರ, ನೀವ ಹಚ್ಚೀರಿ. ಹಚ್ಚಿ, ಮತ್ತ ನೀವ ಅದನ್ನ ಹೊಗಳೀರಿ."

"ಹಳ್ಳಿ ಹೆಣಮಗಳು, ಅದರಾಗ ನಿಮ್ಮ ಓಣಿಯಾಕಿ, ಆಗಿನ ಕಾಲದಾಗ ಗೌಡಗ 'ನೀನು' ಅಂದ್ಲು ಅಂದ್ರ ಯಾರು ನಂಬ್ತಾರ? ಅಸಹಜ ಆಗತೈತಿ ಕಥಿ."

"ಯಾರೂ ನಂಬಲಾರದ್ದು ಆತು. ಅದಕ್ಕ ಕಥಿ ಬರದೀನ್ರಿ! ದಿನಾ ಆಗೂದಾಗಿದ್ರ ಯಾಕ ಬರೀತಿದ್ದೆ?"

ಅಷ್ಟರಲ್ಲಿ ಮಾಸ್ತರರ ಹೆಂಡತಿ ಶೇಖರಮ್ಮ ಚಹಾ ತಂದಳು. "ತಗೊ ದುರುಗವ್ವ. ನಮ್ಮ ಮನ್ಯಾಗ ಹಂಗೇನಿಲ್ಲ, ಎಲ್ಲಾರಿಗೂ ಒಂದ ಥರದ ಕಪ್ಪು" ಎಂದಳು. ಪ್ರತಿ ಸಲ ಹೇಳುತ್ತಿದ್ದಳು. ಬೇರೆ ಯಾರಿಗೆ ಚಹಾ ಕೊಡುವಾಗಲೂ ಈ ಮಾತು ಹೇಳಿದ್ದನ್ನು ದುರುಗವ್ವ ಕೇಳಿರಲಿಲ್ಲ. ಚಹಾ ಟೀಪಾಯಿಯ ಮೇಲೆ ಆರತೊಡಗಿತು.

"ತಗಸ್ರಿ ಸರ."

"ಸಣ್ಣ ಅಕ್ಷರ—"

"ಸಣ್ಣದ ಆದ್ರ ತಗ್ಯಾಕ ಯಾಕ ಅಷ್ಟು ತ್ರಾಸು? ತಗಸ್ರಿ."

ಕೊನೆಗೆ ಮಾಸ್ತರರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಆತು ತಾಯಿ. ಪ್ರೆಸ್ಸಿಗೆ ಫೋನ್ ಮಾಡಿ ತಗಸ್ತೀನಿ. ನಿನ್ನ ಸಿಟ್ಟಿಗೆ ನಮಸ್ಕಾರ."

ಆಕೆ ಅಲ್ಲೇ ನೆಲಕ್ಕೆ ಕೂತು ಕೆಂಪು ಪೆನ್ನು ಕೇಳಿ ಇಸಿದುಕೊಂಡಳು. ಒಂದೊಂದು 'ರಿ'ಯನ್ನೂ ಹುಡುಕಿ ಹುಡುಕಿ ಹೊಡೆದು ಹಾಕಿದಳು. ಹಾಳೆ ಹರಿಯುವಷ್ಟು ಒತ್ತಿ ಹೊಡೆದಳು. ಆಮೇಲೆ ಬಸ್ಸಿಗೆ ಹೋದಳು. ಚಹಾ ಹಾಗೇ ಉಳಿಯಿತು.

ದುರುಗವ್ವ ಕಥೆಗಾರ್ತಿ. ನೋಡಿದವರು ಯಾರೂ ಹಾಗೆ ಅಂದುಕೊಳ್ಳುವುದಿಲ್ಲ. ಇರಕಲ್ಲಗಡದಿಂದ ಒಳಗೆ ಹೋದರೆ ಸಿಗುವ ಊರು, ಅದರ ಕೊನೆಗೆ ಮಾದರ ಓಣಿ. ಅಲ್ಲಿ ತಗಡಿನ ಮನೆಯ ಮುಂದೆ ಕಾಲು ಚಾಚಿ ಕೂತು ಆಕೆ ಕೂದಲ ಸಿಕ್ಕು ಬಿಡಿಸುತ್ತಾಳೆ. ಭಾಗ್ಯನಗರದ ಕೂದಲು ವ್ಯಾಪಾರಿಗಳು ಚೀಲಗಟ್ಟಲೆ ಕೂದಲ ಉಂಡೆ ಕಳಿಸುತ್ತಾರೆ. ಊರೂರಿನ ಹೆಂಗಸರು ಬಾಚಿ ಬಿಸಾಡಿದ್ದು, ಗೋಡೆಯ ಸಂದಿಗೆ ತುರುಕಿಟ್ಟದ್ದು, ಗಟಾರಕ್ಕೆ ಬಿದ್ದು ಬಂದದ್ದು. ದಬ್ಬಣ ಹಾಕಿ ಎಳೆ ಎಳೆಯಾಗಿ ಬಿಡಿಸಬೇಕು. ಬಿಳಿಯದು ಬೇರೆ, ಕರಿಯದು ಬೇರೆ. ಬೆರಳ ತುದಿ ಸೀಳುತ್ತದೆ. ಸೊಂಟ ಹಿಡಿದುಕೊಳ್ಳುತ್ತದೆ. ಧೂಳು ಎದೆಗೆ ಇಳಿದು ಕೂತು, ಕೆಮ್ಮಿದರೆ ಕಫದ ಜೊತೆ ಕೂದಲು ಬರುತ್ತದೆ. ಬೇರೆ ಮನೆಗಳಲ್ಲಿ ಅನ್ನದಲ್ಲಿ ಕೂದಲು ಸಿಕ್ಕರೆ ತಾಟು ಹಾರುತ್ತದೆ. ಈ ಓಣಿಯಲ್ಲಿ ಕೂದಲಿಲ್ಲದ ಅನ್ನವನ್ನು ಯಾರೂ ಉಂಡಿಲ್ಲ. ಬಿಡಿಸಿದ ಕೂದಲು ಹಡಗು ಹತ್ತಿ ಹೋಗಿ ಯಾವ ದೇಶದ ಯಾರ ತಲೆಯ ಮೇಲೋ ಕೂರುತ್ತದೆ. ಬಿಡಿಸಿದ ಕೈಗಳನ್ನು ಊರ ಗುಡಿಯ ಗಂಟೆ ಮುಟ್ಟಲು ಇವತ್ತಿಗೂ ಬಿಡುವುದಿಲ್ಲ.

ಏಳನೆಯ ಇಯತ್ತೆಯವರೆಗೆ ಆಕೆ ಊರ ಶಾಲೆಯಲ್ಲಿ ಓದಿದಳು. ಚಪ್ಪಲಿ ಬಿಡುವ ಜಾಗದ ಪಕ್ಕದಲ್ಲಿ ಕೂತು ಓದಿದಳು. ಕಸ ಹೊಡೆಯುವುದು ಆಕೆಯ ಪಾಳಿ. ಉಳಿದವರಿಗೆ ಪಾಳಿ ಬದಲಾಗುತ್ತಿತ್ತು, ಆಕೆಯದು ಬದಲಾಗುತ್ತಿರಲಿಲ್ಲ. ಅಕ್ಷರ ಮಾತ್ರ ಯಾರ ಅಪ್ಪನ ಮನೆಯದೂ ಆಗಿರಲಿಲ್ಲ. ಅದನ್ನು ಕಚ್ಚಿ ಹಿಡಿದಳು.

ಮದುವೆಯಾಗಿ, ಮಕ್ಕಳಾಗಿ, ಎಷ್ಟೋ ವರ್ಷದ ಮೇಲೆ ಬರೆಯತೊಡಗಿದಳು. ಇಲೆಕ್ಷನ್ ಪಾಂಪ್ಲೆಟುಗಳ ಹಿಂಬದಿಯಲ್ಲಿ, ಮಧ್ಯಾಹ್ನ ರೊಟ್ಟಿ ತಿಂದು ಎಲ್ಲರೂ ಅಡ್ಡಾದಾಗ. ಮೊದಲ ಕಥೆ ಜಿಲ್ಲೆಯ ಪತ್ರಿಕೆಯೊಂದರಲ್ಲಿ ಬಂತು. ಆಕೆಯ ಕಥೆಯ ಮುದುಕಿ "ಹೊಟ್ಟಿ ಉರಿಯಾಕತ್ತೈತಿ" ಅಂದಿದ್ದಳು. ಪತ್ರಿಕೆಯಲ್ಲಿ ಆ ಮುದುಕಿ "ನನಗೆ ಅತೀವ ದುಃಖವಾಗುತ್ತಿದೆ" ಎನ್ನುತ್ತಿದ್ದಳು. ಎರಡನೆಯ ಕಥೆಯಲ್ಲಿ ಮಾತು ಬಚಾವಾಯಿತು, ಬರೆದವಳ ಹೆಸರು ಹೋಯಿತು. ದುರುಗವ್ವ ಎಂಬ ಹೆಸರು ಕಥೆಗೆ ಹೊಂದುವುದಿಲ್ಲವೆಂದು ಯಾರೋ ಉಪಸಂಪಾದಕ ದುರ್ಗಾದೇವಿ ಎಂದು ಹಾಕಿದ್ದ. ಗಂಡ ವೆಂಕೋಬ ಗಂಗಾವತಿಯ ಅಕ್ಕಿ ಮಿಲ್ಲಿನಲ್ಲಿ ಹಮಾಲಿ. ಆ ಪೇಪರ್ ತುಂಡನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಚೀಲ ಹೊರುತ್ತಿದ್ದ. ಜೊತೆಯವರು ಕೇಳಿದರು: "ಲೇ ವೆಂಕ್ಯಾ, ಯಾರಲೇ ಈ ದುರ್ಗಾದೇವಿ? ಮನ್ಯಾಗಿನಾಕಿಗೆ ಗೊತ್ತೈತೇನು?" ಬೆವರಿಗೆ ಹೆಸರು ಅಳಿಸಿ ಹೋಗುವವರೆಗೂ ಅವನು ಅದನ್ನು ಎಲ್ಲರಿಗೂ ತೋರಿಸಿದ. ಆಕೆಗೆ ಮಾತ್ರ ತೋರಿಸಲಿಲ್ಲ. ತೋರಿಸಿದ್ದರೆ ಹರಿದು ಹಾಕುತ್ತಿದ್ದಳು.

ಕುಷ್ಟಗಿಯಲ್ಲಿ ಒಂದು ಕಥಾಸ್ಪರ್ಧೆಯಲ್ಲಿ ಬಹುಮಾನ ಬಂತು. ಹೋದಳು. ಊಟದ ಹೊತ್ತಿನಲ್ಲಿ, ಬ್ಯಾಡ್ಜು ಹಚ್ಚಿಕೊಂಡಿದ್ದ ಒಬ್ಬ ಆಕೆಯ ಸೀರೆ ನೋಡಿ, ಕೈ ನೋಡಿ, "ಏ ಅಕ್ಕಾ, ಈ ಸಾಲಿನ ಎಲಿ ಎತ್ತು ಲಗೂ, ಮುಂದಿನ ಪಂಕ್ತಿ ಕೂಡ್ರತೈತಿ" ಎಂದ. ದುರುಗವ್ವ ತಾನುಂಡ ಎಲೆಯನ್ನು ಮಡಚಿ ಎತ್ತಿದಳು. ಅವನ ಎದುರಿಗೇ ಹೋಗಿ ಬಿಸಾಕಿ ಕೈ ತೊಳೆದಳು. ಅರ್ಧ ತಾಸಿನಲ್ಲಿ ಅದೇ ಮನುಷ್ಯ ವೇದಿಕೆಯ ಮೇಲೆ ಆಕೆಗೆ ಹಾರ ಹಾಕಬೇಕಾಯಿತು. ಕತ್ತು ಬಗ್ಗಿಸದೆ ನಿಂತಳು. ಅವನು ಹಿಮ್ಮಡಿ ಎತ್ತಿ ಹಾಕಿದ.

ಕಳಕಪ್ಪ ಮಾಸ್ತರರು ಸಿಕ್ಕಿದ್ದು ಅದರ ನಂತರ. ಸುಳ್ಳು ಹೇಳಬಾರದು, ಆ ಮನುಷ್ಯ ಸ್ಕೂಟರ್ ಹೊಡೆದುಕೊಂಡು ಓಣಿಯವರೆಗೆ ಬಂದರು. ಕೂದಲ ರಾಶಿಯ ಪಕ್ಕದಲ್ಲೇ ಕೂತರು. ನೀರು ಕೇಳಿ ಕುಡಿದರು. "ಸ್ಪರ್ಧಾಕ್ಕ ಕಳಿಸಿದ ನಿನ್ನ ಕಥಿ ಓದಿದೆ. ಕವರ್ ಒಡದ್ರ ಒಳಗಿಂದ ಕೂದಲ ಬಿತ್ತು. ಯಾವ ಲೇಖಕರ ಹಸ್ತಪ್ರತಿಯೊಳಗೂ ನಾ ಇಂಥಾದ್ದು ಕಂಡಿಲ್ಲ" ಎಂದು ನಕ್ಕರು. "ಹೆಂಗ ಮಾತಾಡ್ತಿ ಹಂಗ ಬರಿ" ಎಂದು ಆಕೆಗೆ ಹೇಳಿದ ಮೊದಲ ಓದುಬರಹದ ಮನುಷ್ಯ ಅವರೇ. ಅದಕ್ಕೇ ಆಕೆ ಅವರಿಗೆ ತನ್ನ ಅವ್ವನ ಕಥೆ ಕೊಟ್ಟಳು. ಬೇರೆ ಯಾರಿಗೂ ಕೊಟ್ಟಿರಲಿಲ್ಲ.

ಅವ್ವನ ಕಥೆ ದೊಡ್ಡದೇನಲ್ಲ.

ಅವ್ವ ಹುಲಿಗೆವ್ವನ ಮನೆತನಕ್ಕೆ ಗೌಡರ ಮನೆಯ ಸತ್ತ ದನ ಹೊರುವ ಕೆಲಸ ಅಂಟಿತ್ತು. ಎತ್ತು ಸಾಯಲಿ, ಎಮ್ಮೆ ಸಾಯಲಿ, ಕರೆ ಬಂದರೆ ಹೋಗಬೇಕು. ಗಂಡ ತೀರಿಕೊಂಡ ಮೇಲೆ ಆಕೆಯೇ ಹೋಗುತ್ತಿದ್ದಳು. ಒಂದು ದಿನ ಗೌಡರ ಹಟ್ಟಿಯಲ್ಲಿ ಒಂದು ಕರು ಸತ್ತಿತು. ಆಳು ಬಂದು ಕರೆದ. ಹುಲಿಗೆವ್ವ ಹೋಗಲಿಲ್ಲ. ಮತ್ತೊಮ್ಮೆ ಬಂದ. ಹೋಗಲಿಲ್ಲ. ಆಮೇಲೆ ಗೌಡನೇ ಬಂಡಿ ಹೂಡಿಕೊಂಡು ಓಣಿಯ ಬಾಯಿಗೆ ಬಂದು ನಿಂತ. ಅವನ ಮಗ ಬಂಡಿಯಲ್ಲಿ ಕೂತು ಕಬ್ಬು ಸೀಳುತ್ತಿದ್ದ. ಗೌಡ ಬಾಯಿಗೆ ಬಂದದ್ದು ಒದರಿದ. ಹುಲಿಗೆವ್ವ ನುಚ್ಚು ಕಲಸಿದ ಎಂಜಲ ಕೈಯಲ್ಲೇ ಹೊರಗೆ ಬಂದಳು.

"ಉಣ್ಣಾಕತ್ತೀನಿ. ನಿನ್ನ ಕರ ನೀನ ಹೊರು."

ಅಷ್ಟೇ. ಓಣಿಯ ಇತಿಹಾಸದಲ್ಲಿ ಯಾರೂ ಯಾವ ಗೌಡನಿಗೂ ಹಾಗೆ ಅಂದಿರಲಿಲ್ಲ. ಗೌಡ ಬಂಡಿಯಿಂದ ಇಳಿದ. ಬಾರಕೋಲಿನ ಹಿಡಿಯಿಂದ ಹೊಡೆದ. ತಡೆಯಲು ಎತ್ತಿದ ಬಲಗೈ ಮಣಿಕಟ್ಟಿನಲ್ಲಿ ಮುರಿಯಿತು. "ರಿ ಅನ್ನು! ಹೊರ್ರಿ ಅನ್ನು!" ಎಂದು ಕೇಳುತ್ತ ಹೊಡೆದ. ಆಕೆ ಅನ್ನಲಿಲ್ಲ. ಆ ಒಂದು ಅಕ್ಷರ ಅಂದಿದ್ದರೆ ಕೈ ಉಳಿಯುತ್ತಿತ್ತು. ಊರ ಅಂಗಡಿ ಓಣಿಯವರಿಗೆ ಉಪ್ಪು, ಎಣ್ಣೆ ಬಂದ್ ಮಾಡಿತು. ಗಿರಣಿ ಹಿಟ್ಟು ಬೀಸಲಿಲ್ಲ. ಜನ ಕನಕಗಿರಿಯವರೆಗೆ ನಡೆದು ಸಂತೆ ಮಾಡಿಕೊಂಡು ಬಂದರು. ಆದರೆ ಕರು ಹೊರಲು ಯಾರೂ ಹೋಗಲಿಲ್ಲ. ಹಟ್ಟಿಯಲ್ಲಿ ನಾತ ಎದ್ದಾಗ ಗೌಡರ ಮನೆಯವರೇ ಮೂಗು ಕಟ್ಟಿಕೊಂಡು ಎಳೆದು ಹೂತರು. ಅಂದಿನಿಂದ ಇಂದಿನವರೆಗೆ ಆ ಓಣಿಯ ಹೆಗಲು ಯಾರ ಸತ್ತ ದನವನ್ನೂ ಹೊತ್ತಿಲ್ಲ.

ಅವತ್ತೇ ಯಾಕೆ ಒಲ್ಲೆ ಅಂದೆ ಎಂದು ದುರುಗವ್ವ ದೊಡ್ಡವಳಾದ ಮೇಲೆ ಕೇಳಿದ್ದಳು. ಏನೋ ದೊಡ್ಡ ಕಾರಣ ಸಿಕ್ಕೀತು, ಕಥೆಗೆ ಆದೀತು ಎಂದುಕೊಂಡಿದ್ದಳು. ಹುಲಿಗೆವ್ವ ಸೊಟ್ಟ ಕೈಯಿಂದಲೇ ರೊಟ್ಟಿ ಬಡಿಯುತ್ತ, "ಸಾಕಾಗಿತ್ತು" ಎಂದಳು.

ಆ ಮಾತು ಊರಿಗೆ ಕೇಳಬೇಕು. ದುರುಗವ್ವನಿಗೆ ಇದ್ದದ್ದು ಅದೊಂದೇ ಆಸೆ. ಅವ್ವ ಇರುವಾಗಲೇ, ಅವ್ವನ ಕಿವಿಗೆ ಬೀಳುವಂತೆ, ಗೌಡರ ಮನೆಗೂ ಕೇಳುವಂತೆ, ಮೈಕಿನಲ್ಲಿ. ಅದಕ್ಕೇ ಪುಸ್ತಕದ ಬಿಡುಗಡೆ ಕೊಪ್ಪಳದಲ್ಲಿ ಬೇಡ, ನಮ್ಮೂರ ಶಾಲೆಯಲ್ಲೇ ಆಗಲಿ ಎಂದು ಹಟ ಹಿಡಿದಿದ್ದಳು. ಮಾಸ್ತರರು ಒಪ್ಪಿದ್ದರು. ಒಪ್ಪಿ, ಊರೆಂದ ಮೇಲೆ ಊರ ಹಿರಿಯರು ಬೇಕೆಂದು ಶರಣಕುಮಾರನನ್ನು ಮುಖ್ಯ ಅತಿಥಿ ಮಾಡಿದ್ದರು. ಗೌಡ ಸತ್ತು ಬಹಳ ಕಾಲವಾಗಿತ್ತು. ಶರಣಕುಮಾರ ಅವನ ಮಗ. ಬಂಡಿಯಲ್ಲಿ ಕೂತು ಕಬ್ಬು ಸೀಳುತ್ತಿದ್ದವನು. ಈಗ ರಸ್ತೆ ಗುತ್ತಿಗೆ ಹಿಡಿಯುತ್ತಾನೆ.

"ಬರ್ಲಿ" ಎಂದಳು ದುರುಗವ್ವ. "ಮುಂದ ಕುಂತು ಕೇಳ್ಲಿ."

ಬಿಡುಗಡೆಯ ಹಿಂದಿನ ಮಧ್ಯಾಹ್ನ ನೂರಜಾನಬಿ ಎದುರಿಗೆ ಕೂತು ದಬ್ಬಣ ಆಡಿಸುತ್ತಿದ್ದಳು. ಪಕ್ಕದ ಓಣಿಯವಳು, ವಯಸ್ಸಿನಲ್ಲಿ ಹಿರಿಯಳು. ಓದು ಬರುವುದಿಲ್ಲ. ಆದರೆ ದುರುಗವ್ವನ ಒಂದೊಂದು ಕಥೆಯನ್ನೂ ಮೊದಲು ಕೇಳಿದವಳು ಅವಳೇ. ಬೇಸರವಾದರೆ "ಇಲ್ಲೆ ನಿದ್ದಿ ಬಂತು ನೋಡು" ಎಂದು ಬೆರಳು ಇಟ್ಟು ತೋರಿಸುತ್ತಿದ್ದಳು.

"ಒಂದ 'ರಿ' ಸಲುವಾಗಿ ಆ ಮಾಸ್ತರನ ಮನಿಗೆ ಹೋಗಿ ಗುದ್ಯಾಡಿ ಬಂದಿ ಅಂತಲ್ಲ ಬೇ?"

"ಯಾರು ಹೇಳಿದ್ರು?"

"ನಿನ್ನ ಬಾಯಿ ಕೊಪ್ಪಳದಾಗ ಒದರಿದ್ರ ನಮ್ಮೂರಿಗೆ ಕೇಳ್ತೈತಿ." ನೂರಜಾನಬಿ ಒಂದು ಗಂಟನ್ನು ಹಲ್ಲಿನಿಂದ ಕಚ್ಚಿ ಬಿಡಿಸಿದಳು. "ಪುಸ್ತಕ ಬರೂದು ದೊಡ್ಡದೋ, ರಿ ದೊಡ್ಡದೋ? ಇದ್ರ ಇರ್ತಿತ್ತು ಬಿಡು. ನಾವು ದಿನಾ ಎಷ್ಟು ಮಂದಿಗೆ ರಿ ಅಂತೀವಿ. ಆ ಕೂದಲದ ಸೇಠನ ಆಳಿಗೂ ಅಂತೀವಿ. ಅವ ನಮ್ಮ ಮೊಮ್ಮಗನ ವಾರಗಿ."

"ನಾವು ಅಂತೀವಿ. ಅವ್ವ ಅನ್ಲಿಲ್ಲ."

ನೂರಜಾನಬಿ ಇನ್ನೊಂದು ಉಂಡೆ ಎತ್ತಿಕೊಂಡಳು. "ಅದೂ ಖರೇನ" ಎಂದಳು. ಮತ್ತೆ, "ನಾಳೆ ಸೀರಿ ಯಾವುದು ಉಟಗೋತಿ? ಆ ಹಸರದು ಬ್ಯಾಡ, ಅದರಾಗ ನೀ ಪೊಲೀಸನಂಗ ಕಾಣ್ತಿ."

ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಮುಂದೆ ಖುರ್ಚಿ, ಹಿಂದೆ ಜಮಖಾನ. ಖುರ್ಚಿಗಳಲ್ಲಿ ಊರು ಕೂತಿತು, ಜಮಖಾನದ ಮೇಲೆ ಓಣಿ ಕೂತಿತು. ಯಾರೂ ಹಾಗೆ ಕೂರಿ ಎಂದು ಹೇಳಿರಲಿಲ್ಲ. ಹುಲಿಗೆವ್ವ ನೂರಜಾನಬಿಯ ಪಕ್ಕದಲ್ಲಿ, ಸೊಟ್ಟ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ದುರುಗವ್ವ ಹಸಿರು ಸೀರೆಯನ್ನೇ ಉಟ್ಟಿದ್ದಳು.

ಪುಸ್ತಕದ ಕಟ್ಟುಗಳು ಗದಗಿನ ಪ್ರೆಸ್ಸಿನಿಂದ ಆಗಷ್ಟೇ ಬಂದಿದ್ದವು. ಒಂದು ನೋಡುತ್ತೇನೆ ಎಂದರೆ ಮಾಸ್ತರರು ಬಿಡಲಿಲ್ಲ. "ಬಿಡುಗಡಿ ಆಗೂತನ ಲೇಖಕರು ಮುಟ್ಟಬಾರದು, ಅದು ಪದ್ಧತಿ" ಎಂದರು. ಬಣ್ಣದ ಕಾಗದ ಸುತ್ತಿ, ರಿಬ್ಬನ್ ಕಟ್ಟಿ, ಹಿತ್ತಾಳೆಯ ತಾಟಿನಲ್ಲಿಟ್ಟಿದ್ದರು. ಮುಟ್ಟಬಾರದು ಎಂಬ ಮಾತನ್ನು ದುರುಗವ್ವ ಹುಟ್ಟಿದಂದಿನಿಂದ ಕೇಳಿದ್ದಳು. ತನ್ನದೇ ಪುಸ್ತಕಕ್ಕೆ ಕೇಳಿದ್ದು ಅದೇ ಮೊದಲು.

ದೀಪ ಹಚ್ಚಿದರು. ಸ್ವಾಗತದ ಶಾಲು ಹೊದಿಸಿದರು. ಮೈಕಿನಲ್ಲಿ ಮಾಸ್ತರರು "ಶ್ರೀಮತಿ ದುರುಗವ್ವನವರು, ನಮ್ಮ ನೆಲದ ಹೆಮ್ಮೆ" ಎಂದರು. ಮನೆಯಲ್ಲಿ 'ನೀ' ಎನ್ನುವವರು ಮೈಕು ಸಿಕ್ಕರೆ 'ನವರು' ಆಗುತ್ತಾರೆ. ಶರಣಕುಮಾರ ರಿಬ್ಬನ್ ಬಿಚ್ಚಿದ. ಕಾಗದ ಹರಿದ. ಪುಸ್ತಕ ಎತ್ತಿ ಫೋಟೋಕ್ಕೆ ಹಿಡಿದ. ಆಮೇಲೆ ಶಾಲೆಯ ಲಲಿತಾ ಟೀಚರು ಪುಸ್ತಕದಿಂದ ಒಂದು ಭಾಗ ಓದಲು ನಿಂತರು. ಒಳ್ಳೆಯ ಕಂಠ. ಯಾವ ಭಾಗ ಓದಬೇಕೆಂದು ದುರುಗವ್ವ ಮೊದಲೇ ಹೇಳಿಟ್ಟಿದ್ದಳು.

ಟೀಚರು ಓದಿದರು. ಕರು ಸತ್ತಿತು. ಆಳು ಬಂದ. ಗೌಡ ಬಂದ. ದುರುಗವ್ವ ಅವ್ವನ ಮುಖವನ್ನೇ ನೋಡುತ್ತಿದ್ದಳು.

"'ನಾ ಉಣ್ಣಾಕತ್ತೀನ್ರಿ. ನಿಮ್ಮ ಕರ ನೀವ ಹೊರ್ರಿ ಗೌಡ್ರ.'"

ಟೀಚರು ಆ 'ರಿ'ಯನ್ನು ಎಳೆದು, ಸಿಹಿಯಾಗಿ, ಪದ ಹಾಡಿದ ಹಾಗೆ ಓದಿದರು. ಖುರ್ಚಿಗಳಿಂದ ಚಪ್ಪಾಳೆ ಬಂತು. ಶರಣಕುಮಾರ ಎಲ್ಲರಿಗಿಂತ ಜೋರಾಗಿ ತಟ್ಟಿದ.

ದುರುಗವ್ವನ ಕೈ ತಾಟಿನಿಂದ ಒಂದು ಪುಸ್ತಕ ಎತ್ತಿ ಬಿಚ್ಚಿತು. ಹಾಳೆ ಹುಡುಕಿತು. ಅಲ್ಲಿತ್ತು. ಇಲ್ಲೂ ಇತ್ತು. ಕೆಂಪು ಪೆನ್ನಿನಲ್ಲಿ ಹೊಡೆದ ಒಂದೊಂದೂ ಇದ್ದ ಜಾಗದಲ್ಲೇ ಎದ್ದು ಕೂತಿತ್ತು. ಪಕ್ಕದಲ್ಲಿದ್ದ ಮಾಸ್ತರರ ಕಡೆ ವಾಲಿದಳು.

"ತಗಸ್ತೀನಿ ಅಂದಿದ್ರಿ."

"ಆಮ್ಯಾಲೆ ಮಾತಾಡೂಣು" ಎಂದರು ಮಾಸ್ತರರು, ಜನರತ್ತ ನಗುತ್ತಲೇ. "ಮುನ್ನುಡಿ ಆಗ್ಲೇ ಛಾಪಾಗಿತ್ತು. ರಿ ತಗದ್ರ ಮುನ್ನುಡಿಗೆ ಅರ್ಥ ಉಳೀತಿದ್ದಿಲ್ಲ. ಎರಡನೇ ಮುದ್ರಣದಾಗ ನೋಡೂಣಂತ."

ಅಷ್ಟರಲ್ಲಿ ಜಮಖಾನದ ಕಡೆಯಿಂದ ದನಿ ಬಂತು.

"ಏನಂದ್ಲು ಆಕಿ?"

"ನಿನ್ನ ಮಾತು ಓದಿದ್ಲವ್ವ" ಎಂದಳು ನೂರಜಾನಬಿ, ತಲೆ ತಗ್ಗಿಸಿ.

"ನನ್ನ ಮಾತ? ನಾ ಯಾವಾಗ ಹಂಗಂದೆ?"

ಹುಲಿಗೆವ್ವ ಒಂದು ಕೈ ನೆಲಕ್ಕೂರಿ ಎದ್ದು ನಿಂತಳು. ಮಾಸ್ತರರು ತಟ್ಟನೆ ಮೈಕು ಹಿಡಿದರು. "ನೋಡ್ರಿ, ನಮ್ಮ ಕಥಾನಾಯಕಿ ಹುಲಿಗೆವ್ವಜ್ಜಿ ಸಂತೋಷದಿಂದ ಎದ್ದು ನಿಂತಾರ! ಅಜ್ಜಿಗೆ ಒಂದು ಜೋರಾದ ಚಪ್ಪಾಳಿ!"

ಮತ್ತೆ ಚಪ್ಪಾಳೆ.

"ಚಪ್ಪಾಳಿ ಬ್ಯಾಡ! ನಾ ಹಂಗ ಅಂದಿಲ್ಲ. ರಿ ಅಂದಿಲ್ಲ ನಾ ಅವಗ."

ಚಪ್ಪಾಳೆ ಅರ್ಧಕ್ಕೆ ನಿಂತಿತು. ಶರಣಕುಮಾರ ಮೈಕನ್ನು ತನ್ನ ಕಡೆ ಎಳೆದುಕೊಂಡ. ಅವನ ನಗು ಹಾಗೇ ಇತ್ತು. "ಅಜ್ಜಿಗೆ ವಯಸ್ಸಾಗೈತಿ, ಮರ್ತಿರ್ತಾರ. ಇರ್ಲಿ. ಆಗಿನ ಮಂದ್ಯಾಗ ಹಿರಿಯಾರು ಅಂದ್ರ ಎಷ್ಟು ಮರ್ಯಾದಿ ಇತ್ತು ಅನ್ನೂದನ್ನ ದುರುಗವ್ವನವರು ಛಲೋ ಬರದಾರ. ಜಗಳ ಇದ್ರೂ ಒಳಗ ಪ್ರೀತಿ ಇತ್ತು. ನಮ್ಮಪ್ಪಾರು ಅವರನ್ನ ಮನಿ ಮಂದಿಯಂಗ ನೋಡಿದ್ರು."

ಹುಲಿಗೆವ್ವ ಸೊಟ್ಟ ಕೈಯನ್ನು ಮೇಲೆತ್ತಿದಳು. ಮಣಿಕಟ್ಟಿನಿಂದ ಅಡ್ಡಕ್ಕೆ ತಿರುಗಿ ಕೂತ ಕೈ. ಮೇಲೆತ್ತಿದರೂ ಬೆರಳು ನೆಲವನ್ನೇ ತೋರಿಸುತ್ತಿದ್ದವು.

"ಪ್ರೀತಿಲೆ ಮುರದನೇನು ಇದನ್ನ ನಿಮ್ಮಪ್ಪ? ನಾ ಮರತಿಲ್ಲ. ನೀನೂ ಮರತಿಲ್ಲ. ಬಂಡ್ಯಾಗ ಕುಂತಿದ್ದಿ ನೀ. ಕಬ್ಬು ತಿನ್ನಾಕತ್ತಿದ್ದಿ. ನಾ ಅಂದಕೂಡ್ಲೆ ನಿನ್ನ ಬಾಯಾಗಿನ ಕಬ್ಬು ಕೆಳಗ ಬಿತ್ತು. ಹೇಳು ಊರಿಗೆ. ಏನಂದೆ ನಾ?"

ಅಂಗಳ ಶರಣಕುಮಾರನ ಕಡೆ ತಿರುಗಿತು. ಅವನ ನಗು ಮುಖದ ಮೇಲೆ ಒಣಗಿತು. ಅವನು ಮೊಬೈಲ್ ತೆಗೆದು ನೋಡಿದ. ಅದು ಸದ್ದು ಮಾಡಿರಲಿಲ್ಲ.

"ಅಜ್ಜೀನ ಕೂಡಿಸ್ರೋ ಯಾರರೆ" ಎಂದರು ಮಾಸ್ತರರು. ಖುರ್ಚಿಯಿಂದ ಇಬ್ಬರು ಎದ್ದರು. ಜಮಖಾನದಿಂದ ನೂರಜಾನಬಿ ಎದ್ದು ಅಡ್ಡ ನಿಂತಳು. "ಮುಟ್ರಿ ನೋಡೂಣು" ಎಂದಳು. ಎದ್ದವರು ಅಲ್ಲೇ ನಿಂತರು.

ದುರುಗವ್ವ ಖುರ್ಚಿಯಿಂದ ಎದ್ದಳು. ಹೆಗಲ ಮೇಲಿನ ಶಾಲು ತೆಗೆದು ಖುರ್ಚಿಗೆ ಹಾಕಿದಳು. ಶರಣಕುಮಾರನ ಮುಂದಿದ್ದ ಮೈಕನ್ನು ಕಿತ್ತುಕೊಂಡಳು. ಅದು ಕಿರ್ರೆಂದಿತು.

"ಕೇಳ್ರಿ ಊರವ್ರ. ನಮ್ಮವ್ವ ಗೌಡಗ ರಿ ಅನ್ಲಿಲ್ಲ. ಅಂದಿದ್ರ ಆಕಿ ಕೈ ನಿಮ್ಮ ಕೈಯಂಗ ನೆಟ್ಟಗ ಇರ್ತಿತ್ತು. 'ನಿನ್ನ ಕರ ನೀನ ಹೊರು.' ಇಷ್ಟ ಅಂದಿದ್ದು. ಇಷ್ಟ ನಾ ಬರದದ್ದು. ಅದನ್ನ ತಗದು, ಉಳಿದದ್ದೆಲ್ಲಾ ಛಾಪಿಸ್ಯಾರ. ಇದು ನನ್ನ ಪುಸ್ತಕ ಅಲ್ಲ. ಯಾರೂ ತಗೋಬ್ಯಾಡ್ರಿ."

"ಏ, ಏನ ಹುಚ್ಚಾಟ ಇದು? ಎಷ್ಟು ವರ್ಷದ ಕೆಲಸ ನಿಂದು!" ಮಾಸ್ತರರು ಈಗ ನಗುವುದನ್ನು ಬಿಟ್ಟಿದ್ದರು. "ಬ್ಯಾರೆ ಯಾರು ಹಾಕ್ತಾರ ನಿನ್ನ ಪುಸ್ತಕ? ಒಂದು ಅಕ್ಷರಕ್ಕ ಇಡೀ ಬಾಳೇ ಕಳಕೋತಿ ಏನು?"

"ಹೌದು ಸರ. ನಮ್ಮ ಮನ್ಯಾಗ ಒಂದು ಅಕ್ಷರಕ್ಕ ಕೈ ಕೊಟ್ಟಾರ. ನಂದೇನು ದೊಡ್ಡದು, ಒಂದು ಪುಸ್ತಕ."

ಯಾರೋ ಹಿಂದಿನಿಂದ ಬಂದು ಆಕೆಯ ಕೈಯಿಂದ ಮೈಕು ಕಸಿದುಕೊಂಡರು. ಕಸಿದುಕೊಳ್ಳಲಿ ಎಂದು ಬಿಟ್ಟಳು. ಪುಸ್ತಕವನ್ನು ತಾಟಿಗೆ ಮರಳಿ ಹಾಕಿದಳು. ಅದರ ಮೇಲೆ ಅಚ್ಚಾಗಿದ್ದ ಹೆಸರು ಈ ಸಲ ಸರಿಯಾಗಿತ್ತು: ದುರುಗವ್ವ. ನೋಡಿದಳು. ಒಮ್ಮೆ ಬೆರಳಾಡಿಸಿದಳು. ಮೆಟ್ಟಿಲಿಳಿದಳು. ಖುರ್ಚಿಗಳ ನಡುವಿನಿಂದ ನಡೆದಳು. ಜನ ಕಾಲು ಎಳೆದುಕೊಂಡು ದಾರಿ ಬಿಟ್ಟರು. ಅವ್ವನ ಸೊಟ್ಟ ಕೈ ಹಿಡಿದಳು. ಜಮಖಾನದ ಮೇಲಿನ ಹೆಂಗಸರು ಒಬ್ಬೊಬ್ಬರೇ ಸೀರೆ ಕೊಡವಿಕೊಂಡು ಏಳತೊಡಗಿದರು.

ಹಿಂದೆ ಮೈಕು ಮಾತಾಡುತ್ತಿತ್ತು.

"ಶ್ರೀಮತಿ ದುರುಗವ್ವನವರು ದಯಮಾಡಿ ವೇದಿಕೆಗೆ ಬರಬೇಕು. ಸನ್ಮಾನ ಇನ್ನೂ ಬಾಕಿ ಐತಿ."

ಅವರು ಅಂಗಳ ದಾಟಿದರು.

"ದುರುಗವ್ವ, ಬರ್ರಿ. ಕುಂತು ಮಾತಾಡೂಣು, ಬರ್ರಿ."

ಅವರು ಕೊಠಡಿಗಳ ಸಾಲು ದಾಟಿದರು.

"ದುರುಗವ್ವ, ಬಾ. ಹಿಂಗ ಹೋಗಬಾರ್ದು. ಬಾ ಇಲ್ಲೆ."

ಗೇಟಿನ ಹತ್ತಿರ ಬಂದಾಗ ಮೈಕಿನಲ್ಲಿ ದನಿ ಬದಲಾಯಿತು. ಅದು ಮಾಸ್ತರರದಲ್ಲ, ಶರಣಕುಮಾರನದು.

"ಏ ದುರುಗಿ! ನಿಂದರ ಅಲ್ಲೆ! ನಿಂದರ ಅಂದ್ರ ಕೇಳಾಕತ್ತಿಲ್ಲೇನ?"

ಇಡೀ ಊರಿಗೆ ಕೇಳಿಸಿತು. ಬಯಲಿನಲ್ಲಿ ಕುರಿ ಮೇಯಿಸುವವರಿಗೂ ಕೇಳಿಸಿತು.

"ಯಾರನ್ನ ಕರ್ಯಾಕತ್ತಾನ ಅವ?" ಎಂದು ಹುಲಿಗೆವ್ವ ಕೇಳಿದಳು.

"ಯಾರನ್ನೋ" ಎಂದಳು ದುರುಗವ್ವ. "ನಡಿ ಯವ್ವ."

ಗೇಟು ದಾಟಿದರು. ಆ ದಿನ ಆಕೆ ಆ ವೇದಿಕೆಗೆ ತಿರುಗಿ ಬರಲಿಲ್ಲ. ಆಮೇಲೂ ಬರಲಿಲ್ಲ.